ನೂರಕ್ಕೆ ನೂರು: ಒಂದು ಗಣಿತ ಪಾಠ



ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಎರಡು ಮಾತು ಬರೆದುಕೊಡಬೇಕೆಂಬುದು ವಾಡಿಕೆ. ಅವುಗಳಲ್ಲಿ ಒಂದು ಮಾತು ವಂದನಾರ್ಪಣೆಗೂ, ಇನ್ನೊಂದು ಆ ವರುಷದ ಪರೀಕ್ಷಾಫಲದ ವರದಿಗೂ ಮೀಸಲಾಗಿರುವುದು. ವರದಿ ಎಂದರೆ ಬಹುಮಟ್ಟಿಗೆ ಒಂದೇ ಸಾಲು: ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ನಮ್ಮ ಶಾಲೆಗೆ ಶೇಕಡಾ ಇಷ್ಟು ಫಲಿತಾಂಶ ಬಂದಿದೆ ಎಂಬುದು. ಓದುವವರು ಆ ಅಂಕಿಯನ್ನು ನೋಡಿ ಸಂತೋಷಪಡುವರು, ಇಲ್ಲವೆ ತುಟಿ ಕಚ್ಚುವರು. ಬಳಿಕ ಪುಟ ತಿರುವುವರು. ನಾವು ಬಹುಕಾಲದಿಂದ ಗಣಿತವನ್ನೇ ಕಲಿಸುತ್ತ ಬಂದವರಾದುದರಿಂದ ಈ ಸಾರಿ ಆ ಒಂದು ಸಾಲನ್ನೇ ಪಾಠವಾಗಿ ತೆಗೆದುಕೊಳ್ಳಬೇಕೆಂದು ಮನಸ್ಸು ಮಾಡಿದ್ದೇವೆ. ಪಾಠವು ಸುಲಭವಾದದ್ದು. ಏಳನೆಯ ತರಗತಿಯ ಬಾಲಿಕೆಯೂ ಇದನ್ನು ಅನುಸರಿಸಿ ಬರಬಲ್ಲಳು. ಆದರೆ ಇದರ ಕಡೆಯ ಭಾಗವನ್ನು ಕಲಿಯಲು ನಮಗೇ ಅನೇಕ ವರುಷಗಳು ಹಿಡಿದವು.

ಶೇಕಡಾ ಎಂದರೇನು?

ಒಬ್ಬ ಹುಡುಗಿಗೆ ಪ್ರಥಮ ಭಾಷೆಯಾದ ಕನ್ನಡದಲ್ಲಿ ೧೦೦ ಅಂಕಗಳೂ, ಸಮಾಜ ವಿಜ್ಞಾನದಲ್ಲಿ ೮೨ ಅಂಕಗಳೂ ಬಂದವು ಎಂದಿಟ್ಟುಕೊಳ್ಳಿರಿ. ಯಾವುದರಲ್ಲಿ ಆಕೆ ಹೆಚ್ಚು ಚೆನ್ನಾಗಿ ಮಾಡಿದಳು? ಕನ್ನಡದಲ್ಲಿ ಎಂದು ತಟ್ಟನೆ ಹೇಳಿಬಿಡುವಿರಿ. ಸ್ವಲ್ಪ ತಾಳಿರಿ. ನಮ್ಮ ರಾಜ್ಯದ ಹತ್ತನೆಯ ತರಗತಿಯ ೨೦೨೪ರ ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ ೧೨೫ ಅಂಕಗಳು, ಉಳಿದ ಐದು ವಿಷಯಗಳಿಗೆ ನೂರು ನೂರು ಇದ್ದವು. ಹೀಗೆ ಒಟ್ಟು ೬೨೫ ಆಗುತ್ತಿತ್ತು. ನೂರಿಪ್ಪತ್ತೈದರಲ್ಲಿ ನೂರು ಎಂದರೆ ಶೇಕಡಾ ೮೦. ನೂರರಲ್ಲಿ ಎಂಬತ್ತೆರಡು ಎಂದರೆ ಶೇಕಡಾ ೮೨. ಆಕೆ ಸಮಾಜ ವಿಜ್ಞಾನದಲ್ಲಿಯೇ ಹೆಚ್ಚು ಚೆನ್ನಾಗಿ ಮಾಡಿರುವಳು. ಬೇರೆ ಬೇರೆ ಮೊತ್ತಗಳಲ್ಲಿ ಪಡೆದ ಭಾಗಗಳನ್ನು ಒಂದೇ ಅಳತೆಗೆ ತಂದು ಹೋಲಿಸುವುದಕ್ಕಾಗಿ ಮನುಷ್ಯರು ಕಂಡುಕೊಂಡ ಉಪಾಯವೇ ಶೇಕಡಾ.

ಆದಕಾರಣ ಶೇಕಡಾ ಎಂಬ ಮಾತು ಕಿವಿಗೆ ಬಿದ್ದೊಡನೆ ನಾವು ಕೇಳತಕ್ಕ ಪ್ರಶ್ನೆಯು ಒಂದೇ: ಯಾವುದರಲ್ಲಿ? ಈ ಪ್ರಶ್ನೆಯನ್ನು ಮರೆತರೆ ಏನಾಗುವುದೆಂಬುದನ್ನು ಮಲ್ಲಿಗೆಯ ಲೆಕ್ಕದಿಂದ ತೋರಿಸುವೆವು. ಒಂದು ಅಟ್ಟೆ ಮಲ್ಲಿಗೆಗೆ ೫೦೦ ರೂಪಾಯಿ ಬೆಲೆ ಇತ್ತು. ಮದುವೆಯ ದಿನಗಳು ಬಂದವು. ಬೆಲೆಯು ಶೇಕಡಾ ೨೦ ಏರಿತು. ಮದುವೆಗಳು ಮುಗಿದವು, ಬೆಲೆಯು ಶೇಕಡಾ ೨೦ ಇಳಿಯಿತು. ಈಗ ಬೆಲೆ ಎಷ್ಟು? ತರಗತಿಯಲ್ಲಿ ಈ ಪ್ರಶ್ನೆಯನ್ನು ಹಾಕಿದಾಗಲೆಲ್ಲ ಪುನಃ ಐನೂರು ಎಂದು ಹತ್ತಾರು ಕಂಠಗಳು ಒಟ್ಟಿಗೆ ಕೂಗುವವು. ಏರಿದ್ದು ಐನೂರರಲ್ಲಿ ಶೇಕಡಾ ಇಪ್ಪತ್ತು, ಅಂದರೆ ನೂರು ರೂಪಾಯಿ. ಇಳಿದದ್ದೋ ಆರುನೂರರಲ್ಲಿ ಶೇಕಡಾ ಇಪ್ಪತ್ತು, ಅಂದರೆ ನೂರಿಪ್ಪತ್ತು ರೂಪಾಯಿ. ಹಾಗಾದರೆ ಈಗಿನ ಬೆಲೆ ೪೮೦. ಏರಿಕೆಯ ಇಪ್ಪತ್ತೂ ಇಳಿಕೆಯ ಇಪ್ಪತ್ತೂ ನೋಟಕ್ಕೆ ಒಂದೇ. ಅವುಗಳ ಕೆಳಗಿರುವ ಮೊತ್ತವು ಬೇರೆ. ಭಿನ್ನರಾಶಿಯಲ್ಲಿ ಕೆಳಗಿರುವ ಆ ಮೊತ್ತಕ್ಕೆ ಛೇದವೆಂದು ಹೆಸರು. ಮೇಲಿರುವುದು ಅಂಶ. ಕಣ್ಣು ಯಾವಾಗಲೂ ಅಂಶದ ಮೇಲೆ ಬೀಳುವುದು. ಲೆಕ್ಕ ತಪ್ಪುವುದು ಬಹುಮಟ್ಟಿಗೆ ಛೇದದಲ್ಲಿ.

ಸಣ್ಣ ಶಾಲೆಯ ಶೇಕಡಾ

ನಮ್ಮದು ಸಣ್ಣ ಶಾಲೆ. ಸಣ್ಣ ಶಾಲೆಯ ಛೇದವೂ ಸಣ್ಣದು. ಹತ್ತನೆಯ ತರಗತಿಯಲ್ಲಿ ಇಪ್ಪತ್ತೈದು ಬಾಲಿಕೆಯರಿದ್ದಾರೆ ಎಂದುಕೊಂಡರೆ ಒಬ್ಬೊಬ್ಬಳೂ ಶೇಕಡಾ ನಾಲ್ಕು. ಪಟ್ಟಣದ ದೊಡ್ಡ ಶಾಲೆಯಲ್ಲಿ ಮುನ್ನೂರು ಮಂದಿ ಇದ್ದರೆ ಅಲ್ಲಿ ಮೂವರು ಸೇರಿ ಶೇಕಡಾ ಒಂದು. ಆ ಶಾಲೆಯಲ್ಲಿ ೨೬೭ ಮಂದಿ ತೇರ್ಗಡೆಯಾದರೆ ಫಲಿತಾಂಶವು ಶೇಕಡಾ ೮೯. ನಮ್ಮಲ್ಲಿ ೨೩ ಮಂದಿ ತೇರ್ಗಡೆಯಾದರೆ ಶೇಕಡಾ ೯೨. ನಾವು ಮುಂದಾದೆವೆಂದು ಹಿಗ್ಗುವೆವು. ಆದರೆ ಪರೀಕ್ಷೆಯ ದಿನ ನಮ್ಮ ಒಬ್ಬ ಹುಡುಗಿಗೆ ಜ್ವರ ಬಂದಿದ್ದರೆ ಸಾಕು, ೨೨ ಆಗಿ ಶೇಕಡಾ ೮೮ಕ್ಕೆ ಇಳಿದು ನಾವು ಹಿಂದಾಗುತ್ತಿದ್ದೆವು. ಒಂದು ಮಗುವಿನ ಜ್ವರದಿಂದ ತಲೆಕೆಳಗಾಗುವ ಗೌರವವನ್ನು ಗೌರವವೆಂದು ಎಣಿಸುವುದು ಗಣಿತ ಬಲ್ಲವರಿಗೆ ಒಪ್ಪತಕ್ಕದ್ದಲ್ಲ. ಸಣ್ಣ ಶಾಲೆಯ ಶೇಕಡಾವನ್ನು ಒಂದು ವರುಷದಿಂದ ಅಳೆಯದೆ ಹತ್ತು ವರುಷಗಳನ್ನು ಕೂಡಿಸಿ ಅಳೆಯಬೇಕು.

ದೊಡ್ಡ ಛೇದದಲ್ಲಿಯಾದರೂ ಅಂಕಿಯು ತಾನಾಗಿ ಎಲ್ಲವನ್ನೂ ಹೇಳಿಬಿಡುವುದೇ? ನಮ್ಮ ರಾಜ್ಯದಲ್ಲಿ ವರುಷಕ್ಕೆ ಎಂಟು ಲಕ್ಷಕ್ಕೂ ಮಿಕ್ಕಿ ಮಕ್ಕಳು ಈ ಪರೀಕ್ಷೆಗೆ ಕುಳಿತುಕೊಂಡಿರುವರು. ಅಲ್ಲಿ ಶೇಕಡಾ ಒಂದು ಎಂದರೆ ಎಂಟು ಸಾವಿರ ಮಕ್ಕಳು. ೨೦೨೩ರಲ್ಲಿ ರಾಜ್ಯದ ಫಲಿತಾಂಶವು ಶೇಕಡಾ ೮೩.೮೯ ಇದ್ದು, ೨೦೨೪ರ ಮೊದಲನೆಯ ಪರೀಕ್ಷೆಯಲ್ಲಿ ೭೩.೪೦ಕ್ಕೆ ಇಳಿಯಿತು. ಒಂದೇ ವರುಷದಲ್ಲಿ ಮಕ್ಕಳೆಲ್ಲ ಮಂದಮತಿಗಳಾದರೇ? ಆ ವರುಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾಗಳನ್ನಿಟ್ಟು ದೂರದಿಂದಲೇ ನೋಡುವ ಏರ್ಪಾಡು ಬಂದಿತ್ತು. ಕೃಪಾಂಕಗಳನ್ನು ಹಿಂದಿಗಿಂತ ಹೆಚ್ಚಾಗಿ ಕೊಟ್ಟರೂ ಫಲಿತಾಂಶವು ಇಳಿಯಿತು. ಅಳೆಯುವ ಕೋಲು ಬಿಗಿಯಾದಾಗ ಅಳತೆಯೂ ಬದಲಾಯಿತು. ಅದೇ ವರುಷ ಹುಡುಗಿಯರಲ್ಲಿ ಶೇಕಡಾ ೮೧.೧೧ ಮಂದಿಯೂ ಹುಡುಗರಲ್ಲಿ ಶೇಕಡಾ ೬೫.೯೦ ಮಂದಿಯೂ ತೇರ್ಗಡೆಯಾದರು. ಇದನ್ನು ಓದಿ ನಮ್ಮ ಬಾಲಿಕೆಯರು ಹೆಮ್ಮೆಪಡುವುದು ಸಹಜವೇ. ಆದರೆ ಇಲ್ಲಿಯೂ ಮರೆಯಬಾರದ ಪ್ರಶ್ನೆ ಅದೇ: ಯಾರಲ್ಲಿ? ಪರೀಕ್ಷೆಯ ಮೇಜಿನ ತನಕ ಬಂದು ಕುಳಿತವರಲ್ಲಿ ಎಂಬುದೇ ಉತ್ತರ. ಅಲ್ಲಿಯ ತನಕ ಬಾರದ ಹುಡುಗಿಯು ಈ ಅಂಕಿಯ ಮೇಲೂ ಇಲ್ಲ, ಕೆಳಗೂ ಇಲ್ಲ.

ಶೇಕಡಾವನ್ನು ಹೆಚ್ಚಿಸುವ ಎರಡು ದಾರಿಗಳು

ಈಗ ಪಾಠದ ಮುಖ್ಯ ಭಾಗಕ್ಕೆ ಬಂದಿದ್ದೇವೆ. ಒಂದು ಶಾಲೆಯ ಎಂಟನೆಯ ತರಗತಿಗೆ ಮೂವತ್ತು ಮಂದಿ ಸೇರಿದರೆಂದು ಊಹಿಸಿಕೊಳ್ಳಿರಿ. ಹತ್ತನೆಯ ತರಗತಿಗೆ ಬರುವಾಗ ಇಪ್ಪತ್ತೈದು ಮಂದಿ ಉಳಿದರು. ಪರೀಕ್ಷೆಯಲ್ಲಿ ಇಪ್ಪತ್ತು ಮಂದಿ ತೇರ್ಗಡೆಯಾದರು. ಇಪ್ಪತ್ತೈದರಲ್ಲಿ ಇಪ್ಪತ್ತು, ಶೇಕಡಾ ೮೦. ಇದನ್ನು ನೂರಕ್ಕೆ ಏರಿಸಬೇಕಾದರೆ ದಾರಿಗಳು ಎರಡು. ಮೊದಲನೆಯದು, ಹಿಂದುಳಿದ ಐವರಿಗೆ ಕಲಿಸಿ ಅಂಶವನ್ನು ಇಪ್ಪತ್ತೈದು ಮಾಡುವುದು. ಎರಡನೆಯದು, ಆ ಐವರನ್ನು ಪರೀಕ್ಷೆಗೆ ಕೂರಿಸದೆ ಛೇದವನ್ನು ಇಪ್ಪತ್ತು ಮಾಡುವುದು. ಇಪ್ಪತ್ತರಲ್ಲಿ ಇಪ್ಪತ್ತು, ನೂರಕ್ಕೆ ನೂರು. ಎರಡನೆಯ ದಾರಿಯಲ್ಲಿ ಯಾವ ಹುಡುಗಿಯೂ ಒಂದಕ್ಷರವನ್ನು ಹೆಚ್ಚಾಗಿ ಕಲಿತಿಲ್ಲ. ಯಾವ ಉಪಾಧ್ಯಾಯಿನಿಯೂ ಒಂದು ಗಂಟೆ ಹೆಚ್ಚಾಗಿ ದುಡಿದಿಲ್ಲ. ಆದರೂ ಫಲಕದ ಮೇಲೆ ಬಣ್ಣದಿಂದ ಬರೆಯಿಸುವ ಅಂಕಿಯು ಎರಡರಲ್ಲಿಯೂ ಒಂದೇ. ಇನ್ನು ಎಂಟನೆಯ ತರಗತಿಗೆ ಸೇರಿದ ಮೂವತ್ತನ್ನೇ ಛೇದವಾಗಿಟ್ಟರೆ ಅದೇ ಇಪ್ಪತ್ತು ಮಂದಿಯು ಶೇಕಡಾ ೬೬ ಮತ್ತು ಮೂರರಲ್ಲೆರಡು ಭಾಗವಾಗುವರು. ಅವೇ ಇಪ್ಪತ್ತು ಹುಡುಗಿಯರು ನೂರೂ ಹೌದು, ಎಂಬತ್ತೂ ಹೌದು, ಅರವತ್ತಾರೂ ಹೌದು.

ಎರಡನೆಯ ದಾರಿಯನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಒಂಬತ್ತನೆಯ ತರಗತಿಯ ಕೊನೆಯಲ್ಲಿ ತಂದೆಯನ್ನು ಕರೆಯಿಸಿ, ನಿಮ್ಮ ಮಗಳಿಗೆ ಇನ್ನೊಂದು ವರುಷ ಇಲ್ಲಿಯೇ ಇರುವುದು ಒಳ್ಳೆಯದು, ಇಲ್ಲವಾದರೆ ವರ್ಗಾವಣೆ ಪತ್ರ ತೆಗೆದುಕೊಂಡು ಬೇರೆ ಕಡೆ ನೋಡಿರಿ, ಅಥವಾ ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿರಿ ಎಂದು ಮೃದುವಾಗಿ ಹೇಳುವುದುಂಟು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರುಷದ ಮಕ್ಕಳಿಗೆ ಎಂಟನೆಯ ತರಗತಿಯ ತನಕ ಆಸರೆಯಾಗಿರುವುದು. ಒಂಬತ್ತನೆಯ ತರಗತಿಯ ಹೊಸ್ತಿಲಲ್ಲಿ ಆ ಆಸರೆಯು ಮುಗಿಯುವುದು. ಅದಕ್ಕಿಂತ ಮುಂದೆ ಹುಡುಗಿಯನ್ನು ಹಿಡಿದು ನಿಲ್ಲಿಸಿಕೊಳ್ಳುವುದು ಶಾಲೆಯ ಮನಸ್ಸೊಂದೇ.

ನಮ್ಮಿಂದಾದ ತಪ್ಪು

ಇದನ್ನು ಬೇರೆಯವರ ದೋಷವಾಗಿ ಬರೆದು ಮುಗಿಸಬಹುದಾಗಿತ್ತು. ಆದರೆ ಹಾಗೆ ಮಾಡಿದರೆ ಈ ಪಾಠವು ಸುಳ್ಳಾಗುವುದು. ಸುಮಾರು ಹತ್ತು ವರುಷಗಳ ಹಿಂದೆ ನಾವೇ ಒಬ್ಬ ತಂದೆಯನ್ನು ಹೀಗೆ ಕರೆಯಿಸಿದೆವು. ಆತನ ಮಗಳು ಶಾಂತಳು, ಒಂದು ದಿನವೂ ತಡವಾಗಿ ಬಂದವಳಲ್ಲ, ಅಕ್ಷರ ದುಂಡಗಿತ್ತು. ಗಣಿತದಲ್ಲಿ ಮಾತ್ರ ಅವಳಿಗೆ ಹತ್ತು ಅಂಕಗಳ ಮೇಲೆ ಬರುತ್ತಿರಲಿಲ್ಲ. ಅದಕ್ಕೆ ಹಿಂದಿನ ಎರಡು ವರುಷ ನಮ್ಮ ಶಾಲೆಯ ಫಲಿತಾಂಶವು ನೂರಕ್ಕೆ ನೂರು ಬಂದಿತ್ತು. ಮೂರನೆಯ ವರುಷವೂ ಬಂದರೆ ಸನ್ಮಾನವಾಗುವುದೆಂದು ಎಲ್ಲರೂ ಎದುರು ನೋಡುತ್ತಿದ್ದರು. ನಾವು ಆ ತಂದೆಗೆ ಹೇಳಿದ ಮಾತುಗಳಲ್ಲಿ ಒಂದೂ ಕಠಿಣವಾಗಿರಲಿಲ್ಲ. ಆತನು ಕೈಮುಗಿದು, ಟೀಚರಮ್ಮನವರು ಹೇಳಿದ ಹಾಗೆ ಆಗಲಿ ಎಂದನು. ಮಾರನೆಯ ವಾರ ವರ್ಗಾವಣೆ ಪತ್ರಕ್ಕೆ ನಾವು ರುಜು ಹಾಕಿದೆವು. ಆ ಮೂರನೆಯ ವರುಷವೂ ನೂರಕ್ಕೆ ನೂರು ಬಂದಿತು. ಶಾಲು ಹೊದಿಸಿದರು. ನಾವು ಹೊದ್ದುಕೊಂಡೆವು.

ಆ ಪತ್ರವನ್ನು ಹಿಡಿದು ಅವಳು ಬೇರೆ ಯಾವ ಶಾಲೆಗೂ ಹೋಗಲಿಲ್ಲವೆಂಬುದು ನಮಗೆ ತಿಳಿದದ್ದು ಐದು ವರುಷಗಳ ಬಳಿಕ. ೨೦೨೧ರಲ್ಲಿ ಶಾಲೆಗಳು ಪುನಃ ತೆರೆದಾಗ ಅವಳು ತನ್ನ ತಂಗಿಯನ್ನು ಎಂಟನೆಯ ತರಗತಿಗೆ ಸೇರಿಸಲು ನಮ್ಮ ಕೋಣೆಗೆ ಬಂದಳು. ತಾಯಿಯ ಜತೆಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದೇನೆಂದು ಹೇಳಿದಳು. ಸೇರಿಕೆಯ ಅರ್ಜಿಯನ್ನು ಅದೇ ದುಂಡಗಿನ ಅಕ್ಷರದಲ್ಲಿ ತಾನೇ ತುಂಬಿಸಿದಳು. ಎಲ್ಲ ಮುಗಿದು ಏಳುವಾಗ, ಇವಳನ್ನು ಹತ್ತನೆಯ ತನಕ ಇಟ್ಟುಕೊಳ್ಳುವಿರಾ ಟೀಚರ್ ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ದೂರು ಇರಲಿಲ್ಲ. ಬಸ್ಸು ಇಂಥ ಕಡೆ ನಿಲ್ಲುವುದೇ ಎಂದು ಕೇಳುವಂತೆ ಕೇಳಿದಳು. ನಾವು ಹೌದೆಂದೆವು. ಅವಳು ಹೋದ ಮೇಲೆ ಕಪಾಟಿನಿಂದ ಹಳೆಯ ದಾಖಲಾತಿ ಪುಸ್ತಕಗಳನ್ನು ತೆಗೆಯಿಸಿ ಪ್ರತಿ ವರುಷವೂ ಎಂಟನೆಯ ತರಗತಿಗೆ ಸೇರಿದವರೆಷ್ಟು, ಹತ್ತನೆಯ ಪರೀಕ್ಷೆಗೆ ಕುಳಿತವರೆಷ್ಟು ಎಂದು ಪಕ್ಕಪಕ್ಕದಲ್ಲಿ ಬರೆದು ನೋಡಿದೆವು. ಸನ್ಮಾನವಾದ ವರುಷಗಳಲ್ಲಿಯೇ ಆ ಎರಡು ಅಂಕಿಗಳ ನಡುವೆ ಹೆಚ್ಚು ಅಂತರವಿತ್ತು.

ಕುರುಬನ ಲೆಕ್ಕ

ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯವನ್ನು ನಮ್ಮ ಬಾಲಿಕೆಯರೆಲ್ಲ ಬಲ್ಲರು. ನೂರು ಕುರಿಗಳಿದ್ದ ಕುರುಬನೊಬ್ಬನು ಒಂದು ತಪ್ಪಿಹೋದಾಗ ಉಳಿದವುಗಳನ್ನು ಬಿಟ್ಟು ಅದನ್ನು ಹುಡುಕಿಕೊಂಡು ಹೋದನು. ಇದನ್ನು ಪ್ರೀತಿಯ ದೃಷ್ಟಾಂತವಾಗಿ ನೂರು ಸಾರಿ ಓದಿದ್ದ ನಾವು ಆ ರಾತ್ರಿ ಮೊದಲ ಬಾರಿಗೆ ಅದನ್ನು ಲೆಕ್ಕವಾಗಿ ಓದಿದೆವು. ಸಂಜೆ ಹಟ್ಟಿಯಲ್ಲಿ ಎಣಿಸಿದಾಗ ತೊಂಬತ್ತೊಂಬತ್ತು ಇದ್ದವು. ಶೇಕಡಾ ತೊಂಬತ್ತೊಂಬತ್ತು ಎಂದು ಸಂತೋಷಪಟ್ಟು ಅವನು ಮಲಗಬಹುದಿತ್ತು. ಇನ್ನೂ ಜಾಣನಾಗಿದ್ದರೆ, ನನಗೆ ಇರುವುದೇ ತೊಂಬತ್ತೊಂಬತ್ತು ಕುರಿಗಳು, ಅವೆಲ್ಲವೂ ಹಟ್ಟಿಯಲ್ಲಿವೆ, ಆದುದರಿಂದ ನೂರಕ್ಕೆ ನೂರು ಎಂದು ಪುಸ್ತಕದಲ್ಲಿ ಬರೆಯಬಹುದಿತ್ತು. ಅವನು ಹಾಗೆ ಬರೆಯಲಿಲ್ಲ. ತನ್ನ ಛೇದವು ನೂರು ಎಂಬುದನ್ನು ಬಿಟ್ಟುಕೊಡಲಿಲ್ಲ. ಛೇದವನ್ನು ಬಿಟ್ಟುಕೊಡದವನಿಗೆ ಕಾಡಿಗೆ ಹೋಗುವುದರ ಹೊರತು ಬೇರೆ ದಾರಿ ಉಳಿಯುವುದಿಲ್ಲ. ಅದೇ ಅಧ್ಯಾಯದಲ್ಲಿ ಹತ್ತು ಬೆಳ್ಳಿಯ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಸಿಕ್ಕುವ ತನಕ ಹುಡುಕಿದಳು. ಆಕೆಯ ಲೆಕ್ಕವೂ ಇಂಥದೇ. ನಾಣ್ಯವು ಮನೆಯಲ್ಲಿಯೇ ಇದೆ, ಧೂಳು ಮುಚ್ಚಿದೆ ಎಂಬುದನ್ನು ಆಕೆ ಬಲ್ಲಳು.

ನಮ್ಮ ನಾಡಿನ ಗಂಗಾಮೂಲದ ಕಾಡಿನಲ್ಲಿ ೧೮೫೮ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರನ್ನು ಇಲ್ಲಿ ನೆನೆಯುವುದು ಯುಕ್ತ. ಹೆಂಗಸರಿಗೆ ಸಂಸ್ಕೃತವೇಕೆಂದು ಊರವರು ವಿರೋಧಿಸಿದರೂ ಅವರ ತಂದೆಯು ಹೆಂಡತಿಗೆ ಅದನ್ನು ಕಲಿಸಿದರು, ತಾಯಿಯು ಮಗಳಿಗೆ ಕಲಿಸಿದರು. ಆ ಮಗಳು ೧೮೮೯ರಲ್ಲಿ ಬೊಂಬಾಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮುಂದೆ ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳನ್ನು ಹುಡುಕಿ ತಂದು ಸಾಕಿ ಓದಿಸಿದರು. ತೇರ್ಗಡೆಯಾಗಬಲ್ಲವರನ್ನು ಮಾತ್ರ ಆರಿಸಿಕೊಂಡಿದ್ದರೆ ಅವರಿಗೆ ಇಷ್ಟು ಶ್ರಮ ಬೇಕಿರಲಿಲ್ಲ. ೧೮೩೪ರಲ್ಲಿ ಬಾಸೆಲ್ ಮಿಶನಿನ ಮೂವರು ಮಂಗಳೂರಿಗೆ ಬಂದ ಬಳಿಕ ಈ ಕರಾವಳಿಯಲ್ಲಿ ಎದ್ದ ಶಾಲೆಗಳೂ ಬೇರೆ ಕಡೆ ಬಾಗಿಲು ತೆರೆಯದಿದ್ದವರಿಗೆ ಬಾಗಿಲು ತೆರೆದುವು. ಅಂಥ ಪರಂಪರೆಯಿಂದ ಬಂದವರೆಂದು ಹೇಳಿಕೊಳ್ಳುವ ನಮಗೆ ಒಳಗಿದ್ದವಳನ್ನು ಹೊರಗೆ ಕಳುಹಿಸುವ ಲೆಕ್ಕವು ಸಲ್ಲತಕ್ಕದ್ದಲ್ಲ.

ಮೊದಲನೆಯ ದಾರಿಯು ಹೇಗಿರುವುದು?

ಛೇದವನ್ನು ಹಿಡಿದಿಟ್ಟುಕೊಂಡ ಮೇಲೆ ಅಂಶವನ್ನು ಬೆಳೆಸುವ ಕೆಲಸವು ಉಳಿಯಿತು. ಹಿಂದುಳಿದ ಹುಡುಗಿಯರ ಉತ್ತರ ಪತ್ರಿಕೆಗಳನ್ನು ಅಂಕಗಳಿಗಾಗಿ ಅಲ್ಲದೆ ತಪ್ಪುಗಳಿಗಾಗಿ ಓದಿದೆವು. ಅನೇಕರು ಅರ್ಧಕ್ಕೆ ಮೂರನೆಯ ಒಂದು ಭಾಗವನ್ನು ಕೂಡಿಸುವಾಗ ಮೇಲಿನದಕ್ಕೆ ಮೇಲಿನದನ್ನೂ, ಕೆಳಗಿನದಕ್ಕೆ ಕೆಳಗಿನದನ್ನೂ ಸೇರಿಸಿ, ಐದರಲ್ಲಿ ಎರಡು ಎಂದು ಬರೆದಿದ್ದರು. ನಿಯಮವನ್ನು ಇನ್ನೊಮ್ಮೆ ಹೇಳಿಕೊಟ್ಟರೆ ಇನ್ನೊಮ್ಮೆ ಮರೆಯುವರು. ಆದುದರಿಂದ ರೊಟ್ಟಿಯ ಲೆಕ್ಕ ಹಾಕಿದೆವು. ನೀನು ಅರ್ಧ ರೊಟ್ಟಿ ತಿಂದೆ. ಬಳಿಕ ಮೂರನೆಯ ಒಂದು ಭಾಗವನ್ನೂ ತಿಂದೆ. ಒಟ್ಟು ಅರ್ಧಕ್ಕಿಂತ ಹೆಚ್ಚಾಗಬೇಕೋ ಕಡಿಮೆಯಾಗಬೇಕೋ? ಹೆಚ್ಚಾಗಬೇಕು. ಐದರಲ್ಲಿ ಎರಡು ಅರ್ಧಕ್ಕಿಂತ ಹೆಚ್ಚೋ? ಇಲ್ಲಿ ಹುಡುಗಿಯು ನಿಂತು ಯೋಚಿಸುವಳು. ಹಾಗೆ ನಿಂತ ಗಳಿಗೆಯೇ ಕಲಿಕೆಯ ಆರಂಭ. ಕಾಗದದ ಪಟ್ಟಿಯನ್ನು ಆರು ಸಮಭಾಗ ಮಾಡಿ ಮಡಿಸಿದಾಗ ಅರ್ಧವು ಮೂರು ಮಡಿಕೆ, ಮೂರನೆಯ ಒಂದು ಭಾಗವು ಎರಡು ಮಡಿಕೆ, ಕೂಡಿ ಆರರಲ್ಲಿ ಐದು ಎಂದು ಅವಳೇ ಕಂಡುಕೊಳ್ಳುವಳು. ಹತ್ತನೆಯ ತರಗತಿಯಲ್ಲಿ ಹತ್ತು ಅಂಕ ಪಡೆಯುವವಳ ಕೊರತೆಯು ಬಹಳ ಸಾರಿ ಹತ್ತನೆಯ ತರಗತಿಯದಲ್ಲ, ಐದನೆಯ ತರಗತಿಯದು.

ಎರಡನೆಯ ತೊಡಕು ಭಾಷೆಯದು. ನಮ್ಮ ಬಾಲಿಕೆಯರು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತುಗಳನ್ನಾಡಿ ಶಾಲೆಗೆ ಬಂದು ಕನ್ನಡದಲ್ಲಿ ಗಣಿತ ಕಲಿಯುವರು. ಕೂಡು, ಕಳೆ ಎಂದು ಹೇಳಿದರೆ ಸರಿಯಾಗಿ ಮಾಡುವವಳು ನಾಲ್ಕು ಸಾಲಿನ ಮಾತಿನ ಲೆಕ್ಕದ ಮುಂದೆ ಸುಮ್ಮನೆ ಕೂರುವಳು. ಅವಳಿಗೆ ತಿಳಿಯದಿರುವುದು ಗಣಿತವಲ್ಲ, ವಾಕ್ಯ. ಆದುದರಿಂದ ಲೆಕ್ಕವನ್ನು ಬಿಡಿಸುವ ಮೊದಲು ಗಟ್ಟಿಯಾಗಿ ಓದಿಸಿ, ಮನೆಯ ಮಾತಿನಲ್ಲಿ ಗೆಳತಿಗೆ ಹೇಳಿಸಿ, ಬಳಿಕ ಕನ್ನಡದಲ್ಲಿ ಬರೆಯಿಸುವ ಕ್ರಮವನ್ನು ಇಟ್ಟೆವು.

ಮೂರನೆಯದು ಓದುವ ರೀತಿ. ನೀವೆಲ್ಲ ಪರೀಕ್ಷೆಯ ಹಿಂದಿನ ರಾತ್ರಿ ಪಾಠವನ್ನು ನಾಲ್ಕು ಸಾರಿ ಓದಿ, ಬಂದಿತೆಂದು ನಂಬುವಿರಿ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುವುದೆಂದು ಅಳೆದು ೧೮೮೫ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ವೇಗವಾಗಿಯೂ ಬಳಿಕ ನಿಧಾನವಾಗಿಯೂ ಆಗುವುದೆಂದು ಅವರು ಕಂಡರು. ೨೦೦೬ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೇರಿಕದ ಇಬ್ಬರು ಸಂಶೋಧಕರು ಇನ್ನೊಂದು ಸಂಗತಿಯನ್ನು ತೋರಿಸಿದರು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ಬಳಿಕ ಮುಂದಿದ್ದರು. ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದವರು ಒಂದು ವಾರದ ಬಳಿಕ ಮುಂದಿದ್ದರು. ಪರೀಕ್ಷೆಯು ಐದು ನಿಮಿಷದ ಬಳಿಕ ಬರುವುದಿಲ್ಲ. ಜೀವನವಂತೂ ಇನ್ನೂ ತಡವಾಗಿ ಬರುವುದು. ಹೀಗಿರಲು ಪ್ರತಿದಿನ ಬೆಳಗ್ಗೆ ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿ ನಿನ್ನೆಯ ಪಾಠದಿಂದ ಎರಡು, ಕಳೆದ ವಾರದಿಂದ ಎರಡು, ಕಳೆದ ತಿಂಗಳಿನಿಂದ ಒಂದು ಪ್ರಶ್ನೆಗೆ ಬರೆಯುವ ಪದ್ಧತಿಯನ್ನು ನಮ್ಮಲ್ಲಿ ಮಾಡಿದೆವು. ಅದಕ್ಕೆ ಅಂಕಗಳಿಲ್ಲ. ತಪ್ಪಿದರೆ ಬೈಗಳೂ ಇಲ್ಲ. ಬಾವಿಯಿಂದ ನೀರನ್ನು ದಿನವೂ ಸೇದಿದರೆ ಹಗ್ಗದ ಹಾದಿ ಕೈಗೆ ಅಭ್ಯಾಸವಾಗುವಂತೆ ನೆನಪಿನ ಹಾದಿಯೂ ಅಭ್ಯಾಸವಾಗುವುದು.

ಇದರ ಬೆಲೆ

ಈ ದಾರಿಗೆ ಬೆಲೆ ತೆರಬೇಕಾಗುವುದೆಂಬುದನ್ನು ಮರೆಮಾಡುವುದಿಲ್ಲ. ಒಂಬತ್ತನೆಯ ತರಗತಿಯಿಂದ ಯಾರನ್ನೂ ಕಳುಹಿಸದೆ ಇಟ್ಟುಕೊಂಡ ಮೇಲೆ ನಮ್ಮ ಶಾಲೆಗೆ ನೂರಕ್ಕೆ ನೂರು ಬಂದಿಲ್ಲ. ಸಭೆಯಲ್ಲಿ ಒಬ್ಬ ತಂದೆಯವರು ಎದ್ದುನಿಂತು, ಮೊದಲು ಇಲ್ಲಿ ಶಿಸ್ತು ಇತ್ತು ಎಂದರು. ಇಬ್ಬರು ತಮ್ಮ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು. ಸಣ್ಣ ಶಾಲೆಗೆ ಇಬ್ಬರೆಂದರೆ ಎಷ್ಟೆಂಬುದನ್ನು ಮೇಲೆ ಲೆಕ್ಕ ಮಾಡಿದ್ದೇವೆ. ಮಕ್ಕಳ ಸಂಖ್ಯೆ ಕಡಿಮೆಯಾದರೆ ಶಿಕ್ಷಕಿಯರ ಸ್ಥಾನಗಳೂ ಕಡಿಮೆಯಾಗುವವು. ಆದುದರಿಂದ ನಮ್ಮ ಸಹೋದ್ಯೋಗಿನಿಯರ ಚಿಂತೆಯನ್ನು ನಾವು ಅಲ್ಪವೆಂದು ಎಣಿಸುವುದಿಲ್ಲ. ಆದರೂ ಸಂಜೆ ಒಂದು ಗಂಟೆ ಹೆಚ್ಚಾಗಿ ಕುಳಿತವರು ಅವರೇ.

ಆ ತಂಗಿಯು ೨೦೨೪ರ ಮಾರ್ಚಿಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತಳು. ಐದು ವಿಷಯಗಳಲ್ಲಿ ತೇರ್ಗಡೆಯಾದಳು; ಗಣಿತದಲ್ಲಿ ಆಗಲಿಲ್ಲ. ಆ ವರುಷದಿಂದ ಒಂದೇ ವರುಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸಿ, ಬಂದ ಅಂಕಗಳಲ್ಲಿ ಉತ್ತಮವಾದುದನ್ನು ಉಳಿಸಿಕೊಳ್ಳುವ ಅವಕಾಶವನ್ನು ಮಕ್ಕಳಿಗೆ ಕೊಟ್ಟಿದ್ದರು. ಮೇ ತಿಂಗಳ ಬಿಸಿಲಿನಲ್ಲಿ ಅವಳು ದಿನವೂ ಶಾಲೆಗೆ ಬಂದಳು. ಅಕ್ಕನು ಬೆಳಗ್ಗೆ ಬಸ್ಸಿಗೆ ಹತ್ತಿಸಿ ಹೋಗುತ್ತಿದ್ದಳು. ಜೂನಿನ ಎರಡನೆಯ ಪರೀಕ್ಷೆಯಲ್ಲಿ ಅವಳು ಗಣಿತವನ್ನು ಮುಗಿಸಿದಳು. ಮೊದಲನೆಯ ಪರೀಕ್ಷೆಯ ಫಲಕದಲ್ಲಿ ಅವಳು ನಮ್ಮ ಶಾಲೆಗೆ ಬಂದ ಕೊರತೆಯಾಗಿಯೇ ಉಳಿದಿರುವಳು. ಎರಡನೆಯದಕ್ಕೆ ಯಾರೂ ಫಲಕ ಬರೆಯಿಸುವುದಿಲ್ಲ. ಅವಳ ಅಕ್ಕನಿಗೆ ಮಾತ್ರ ನಾವು ಕೊಡಬೇಕಾದದ್ದು ಇನ್ನೂ ಉಳಿದಿದೆ. ಖಾಸಗಿಯಾಗಿ ಪರೀಕ್ಷೆ ಕಟ್ಟಲು ಬಾ, ನಾವೇ ಕಲಿಸುವೆವು ಎಂದು ಹೇಳಿ ಕಳುಹಿಸಿದ್ದೇವೆ. ನೋಡುವೆನು ಟೀಚರ್ ಎಂದಿರುವಳು.

ಈ ಸಂಚಿಕೆಯಿಂದ ಮೊದಲ್ಗೊಂಡು ನಮ್ಮ ವರದಿಯ ಸಾಲಿನಲ್ಲಿ ಎರಡು ಅಂಕಿಗಳಿರುವುವು: ಪರೀಕ್ಷೆಗೆ ಕುಳಿತವರಲ್ಲಿ ಶೇಕಡಾ ಎಷ್ಟು, ಎಂಟನೆಯ ತರಗತಿಗೆ ಸೇರಿದವರಲ್ಲಿ ಶೇಕಡಾ ಎಷ್ಟು ಎಂಬುದು. ಎರಡನೆಯ ಅಂಕಿಯು ಸಣ್ಣದಾಗಿ ಕಾಣುವುದು. ಅದನ್ನೇ ಮೊದಲು ಓದಬೇಕೆಂದು ತಾಯಿತಂದೆಗಳಲ್ಲಿ ನಮ್ಮ ಬಿನ್ನಹ.

ಅಭ್ಯಾಸ

೧. ಲೀಲಾಳಿಗೆ ಪ್ರಥಮ ಭಾಷೆಯಲ್ಲಿ ೧೨೫ಕ್ಕೆ ೯೫, ವಿಜ್ಞಾನದಲ್ಲಿ ೧೦೦ಕ್ಕೆ ೭೭ ಅಂಕಗಳು ಬಂದವು. ಯಾವುದರಲ್ಲಿ ಹೆಚ್ಚು ಚೆನ್ನಾಗಿ ಮಾಡಿದಳು?

೨. ಒಂದು ಶಾಲೆಯ ಎಂಟನೆಯ ತರಗತಿಗೆ ೪೦ ಮಂದಿ ಸೇರಿದರು. ಹತ್ತನೆಯ ಪರೀಕ್ಷೆಗೆ ೩೬ ಮಂದಿ ಕುಳಿತು ಎಲ್ಲರೂ ತೇರ್ಗಡೆಯಾದರು. ಆ ಶಾಲೆಯ ಎರಡು ಶೇಕಡಾಗಳನ್ನು ಕಂಡುಹಿಡಿಯಿರಿ.

೩. ಎಂಟನೆಯ ತರಗತಿಯಲ್ಲಿ ನಿಮ್ಮ ಬೆಂಚಿನಲ್ಲಿ ಕುಳಿತಿದ್ದವರ ಹೆಸರುಗಳನ್ನು ಬರೆಯಿರಿ. ಈಗ ನಿಮ್ಮ ಜತೆಯಲ್ಲಿ ಇಲ್ಲದವರ ಹೆಸರಿಗೆ ಗೆರೆ ಎಳೆಯಿರಿ. ಅವರ ಮನೆಯ ದಾರಿ ನಿಮಗೆ ಗೊತ್ತಿದ್ದರೆ ಅದನ್ನೂ ಬರೆಯಿರಿ.

ಮೊದಲನೆಯದರ ಉತ್ತರ: ವಿಜ್ಞಾನದಲ್ಲಿ, ಶೇಕಡಾ ೭೬ಕ್ಕೆ ಎದುರಾಗಿ ೭೭. ಎರಡನೆಯದು: ನೂರು ಮತ್ತು ತೊಂಬತ್ತು. ಮೂರನೆಯದರ ಉತ್ತರವನ್ನು ಬರೆದು ನಮ್ಮ ಕೋಣೆಗೆ ತಂದುಕೊಡಿರಿ. ಮಳೆಗಾಲಕ್ಕೆ ಮೊದಲು ಆ ದಾರಿಗಳಲ್ಲಿ ಹೋಗಿ ಬರಬೇಕೆಂದಿದ್ದೇವೆ.